ಮಗುವಿನ ಭೇದಿ, ತಾಯಿಗೆ ಓದಲಾಗದ ಚೀಟಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಳೆಗಾಲ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಕಾಸರಗೋಡಿನ ಗಡಿ ಪಂಚಾಯತುಗಳಿಂದ ಮಕ್ಕಳ ವಾಂತಿಭೇದಿಯ ಸುದ್ದಿ ಬರತೊಡಗುವುದು ಪ್ರತಿವರ್ಷದ ವಾಡಿಕೆಯಾಗಿದೆ. ಎಷ್ಟು ಮಂದಿ ಆಸ್ಪತ್ರೆ ಸೇರಿದರು, ಯಾವ ವಾರ್ಡಿನಲ್ಲಿ ಹೆಚ್ಚು ಎಂಬುದನ್ನು ಹೇಳಿ, ಕೊನೆಯಲ್ಲಿ 'ಸಾರ್ವಜನಿಕರು ಮುಂಜಾಗ್ರತೆ ವಹಿಸಬೇಕು' ಎಂಬ ಒಂದು ವಾಕ್ಯದೊಂದಿಗೆ ಆ ಸುದ್ದಿ ಮುಗಿದುಬಿಡುತ್ತದೆ. ಆ ಮುಂಜಾಗ್ರತೆ ಯಾವುದು, ಅದನ್ನು ಯಾವ ಅಳತೆಯಲ್ಲಿ, ಯಾರು, ಯಾವಾಗ ಮಾಡಬೇಕು ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಆರೋಗ್ಯ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದು, ಪೆರ್ಲ, ಬಾಯಾರು, ಪೈವಳಿಕೆ, ಬದಿಯಡ್ಕ ಕಡೆಯ ಮನೆಗಳ ಮೆಟ್ಟಿಲು ಹತ್ತಿಳಿದು ನಿವೃತ್ತನಾದ ನಾನು, ಈ ವಿಷಯದಲ್ಲಿ ಕಂಡದ್ದನ್ನೂ ತಿಳಿದದ್ದನ್ನೂ ತಮ್ಮ ಓದುಗರ ಮುಂದಿಡಬೇಕೆಂದು ಈ ದೀರ್ಘ ಪತ್ರ ಬರೆಯುತ್ತಿದ್ದೇನೆ. ಮಗುವಿನ ಭೇದಿಯಲ್ಲಿ ಜೀವ ಉಳಿಸುವ ಕೆಲಸದ ಬಹುಪಾಲು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯ ಅಡುಗೆಕೋಣೆಯಲ್ಲಿ. ಆ ಅಡುಗೆಕೋಣೆಗೆ ತಲುಪುವ ಸೂಚನೆ ಮಗುವಿನ ತಾಯಿ ಓದಬಲ್ಲ ಭಾಷೆಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಟಿ ತಿಂಗಳ ಒಂದು ಬೆಳಿಗ್ಗೆ, ಅಡಿಕೆ ತೋಟದ ನಡುವಿನ ಮನೆಯೊಂದಕ್ಕೆ ಹೋಗಿದ್ದೆ. ಒಂದು ವರ್ಷ ಎರಡು ತಿಂಗಳ ಗಂಡುಮಗುವಿಗೆ ಹಿಂದಿನ ದಿನದಿಂದ ನೀರಿನಂತೆ ಭೇದಿಯಾಗುತ್ತಿತ್ತು. ಆರೋಗ್ಯ ಕೇಂದ್ರವೊಂದರಿಂದ ಓಆರ್‌ಎಸ್ ಎಂಬ, ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿಯ ಪೊಟ್ಟಣಗಳನ್ನು ಅವರು ಹಿಂದಿನ ಸಂಜೆಯೇ ತಂದಿದ್ದರು, ಕುಡಿಸುತ್ತಲೂ ಇದ್ದರು. ಆದರೂ ಮಗು ಬಾಡಿತ್ತು, ಅಳುತ್ತಿದ್ದರೂ ಕಣ್ಣಲ್ಲಿ ನೀರಿರಲಿಲ್ಲ, ಲೋಟ ಕಂಡರೆ ಎರಡೂ ಕೈ ಚಾಚಿ ಬಾಯಿ ಹಾಕುತ್ತಿತ್ತು, ಕುಡಿದ ಸ್ವಲ್ಪ ಹೊತ್ತಿಗೇ ಮತ್ತೆ ಭೇದಿಯಾಗುತ್ತಿತ್ತು. ಲೋಟವನ್ನು ಕೈಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿ ನೋಡಿದಾಗ ನನಗೆ ವಿಷಯ ಅರ್ಥವಾಯಿತು. ಒಂದು ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣವನ್ನು ಅವರು ಇಡಿಯಾಗಿ ಒಂದೇ ಸ್ಟೀಲ್ ಲೋಟಕ್ಕೆ ಸುರಿದಿದ್ದರು. ಪೊಟ್ಟಣದ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು, ಜೊತೆಗೆ ಕೊಟ್ಟ ಚೀಟಿ ಮಲೆಯಾಳದಲ್ಲಿತ್ತು. ಆ ತಾಯಿ ಗಡಿಯಾಚೆಯ ಪಾಣಾಜೆ ಕಡೆಯಿಂದ ಮದುವೆಯಾಗಿ ಬಂದವರು, ಕನ್ನಡವನ್ನಲ್ಲದೆ ಬೇರೇನನ್ನೂ ಸರಾಗವಾಗಿ ಓದಲಾರರು. ನಾನು ಸ್ವಲ್ಪ ಗಡುಸಾಗಿಯೇ ಕೇಳಿದಾಗ ಮನೆಯ ಅಜ್ಜಿ, "ಅದ್ರಲ್ಲಿ ಬರ್ದದ್ದು ನಮ್ಗೆ ಓದ್ಲಿಕ್ಕೆ ಬರ್ಬೇಕಲ್ಲ ಸಾರ್" ಎಂದರು. ಅಷ್ಟೇ ಮಾತು. ಮಗುವನ್ನು ಆ ಕೂಡಲೇ ಜೀಪಿನಲ್ಲಿ ತಾಲೂಕು ಆಸ್ಪತ್ರೆಗೆ ಕರೆದೊಯ್ದದ್ದರಿಂದ ಅದು ಉಳಿಯಿತು. ಗದರಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ, ಏಕೆಂದರೆ ತಪ್ಪು ಆ ಮನೆಯವರದಾಗಿರಲಿಲ್ಲ.

ಐದು ಪಟ್ಟು ಗಟ್ಟಿಯಾದ ಆ ನೀರು ಏಕೆ ಅಪಾಯಕಾರಿ ಎಂಬುದು ತಿಳಿಯಬೇಕಾದರೆ ಮಗುವಿನ ಕರುಳಿನಲ್ಲಿ ನಡೆಯುವುದೇನು ಎಂಬುದನ್ನು ಮೊದಲು ಹೇಳಬೇಕು. ಭೇದಿ ಹುಟ್ಟಿಸುವ ಸೂಕ್ಷ್ಮಾಣುಗಳಲ್ಲಿ ವೈರಸ್‌ಗಳೂ ಇವೆ, ಬ್ಯಾಕ್ಟೀರಿಯಾಗಳೂ ಇವೆ. ವೈರಸ್‌ಗಳಲ್ಲಿ ಮುಖ್ಯವಾದ ರೋಟಾ ವೈರಸ್‌ಗೆ ಈಗ ಮಗುವಿನ ಆರನೇ, ಹತ್ತನೇ ಮತ್ತು ಹದಿನಾಲ್ಕನೇ ವಾರದಲ್ಲಿ ಬಾಯಿಗೆ ಹಾಕುವ ಲಸಿಕೆಯಿದೆ. ಆ ಹನಿಗಳು ಬ್ಯಾಕ್ಟೀರಿಯಾದ ಭೇದಿಯನ್ನು ತಡೆಯುವುದಿಲ್ಲ, ಇ. ಕೊಲಿಗಾಗಲೀ ರಕ್ತಭೇದಿ ತರುವ ಶಿಗೆಲ್ಲಕ್ಕಾಗಲೀ ನಮ್ಮ ಮಕ್ಕಳ ಲಸಿಕಾ ಪಟ್ಟಿಯಲ್ಲಿ ಲಸಿಕೆಯಿಲ್ಲ. ಹಾಗಾಗಿ "ಲಸಿಕೆ ಹಾಕಿಸಿದ್ದೇವೆ, ಮತ್ತೆ ಯಾಕೆ ಭೇದಿ?" ಎಂದು ಕೇಳುವ ತಾಯಂದಿರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಇ. ಕೊಲಿ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಬಾವಿ ನೀರಿನ ಪರೀಕ್ಷೆಯ ವರದಿಯಲ್ಲಿ ಆ ಹೆಸರು ಕಂಡೊಡನೆ ಕೆಲವರು ಗಾಬರಿಗೊಂಡು ಸಾವಿರಾರು ರೂಪಾಯಿಯ ಫಿಲ್ಟರ್ ತರುತ್ತಾರೆ, ಇನ್ನು ಕೆಲವರು ಅದು ಎಲ್ಲರ ಹೊಟ್ಟೆಯಲ್ಲಿಯೂ ಇರುವಂಥದ್ದು ಎಂದು ಕೇಳಿ ಸುಮ್ಮನಾಗುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಥಿಯೋಡರ್ ಎಶರಿಶ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ವಿವರಿಸಿದ್ದು ಶಿಶುಗಳ ಮಲದಲ್ಲಿ ಕಂಡು. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಬಹುತೇಕ ಪ್ರತಿಯೊಂದು ಮಗುವಿನ ಕರುಳಿನಲ್ಲೂ ನೆಲೆಯೂರುತ್ತದೆ, ಹೆಚ್ಚಿನವು ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುತ್ತವೆ, ಹೊರಗಿನಿಂದ ಬರುವ ಕೆಟ್ಟ ಸೂಕ್ಷ್ಮಾಣುಗಳಿಗೆ ಜಾಗ ಸಿಗದಂತೆ ಮಾಡುವುದರಲ್ಲಿಯೂ ಅವಕ್ಕೆ ಪಾಲಿದೆ. ನಮ್ಮಲ್ಲಿ ಒಂದೇ ಮನೆತನದ ಹೆಸರು ಹೊತ್ತ ಹತ್ತು ಮನೆಗಳಿದ್ದರೆ ಒಂದೆರಡು ಮನೆಯವರು ಜಗಳಗಂಟರಾಗಿರುವುದುಂಟು, ಆ ಹೆಸರಿನವರೆಲ್ಲ ಹಾಗೆ ಎನ್ನಲು ಬರುವುದಿಲ್ಲ, ಇ. ಕೊಲಿಯ ವಿಷಯವೂ ಹಾಗೆಯೇ. ಶಿಶುಗಳ ಬೇಸಗೆ ಭೇದಿಗೆ ಈ ಕುಲದ ಒಂದು ನಿರ್ದಿಷ್ಟ ಬಗೆಯೇ ಕಾರಣವಿರಬೇಕೆಂದು ಜಾನ್ ಬ್ರೇ ಎಂಬವರು ಲಂಡನ್ನಿನಲ್ಲಿ ತೋರಿಸಿಕೊಟ್ಟದ್ದು 1945ರಲ್ಲಿ. ಆ ಬಳಿಕ ಭೇದಿ ತರುವ ಹಲವು ಬಗೆಗಳನ್ನು ಗುರುತಿಸಲಾಯಿತು. ಒಂದು ಬಗೆಯದು ವಿಷ ಸುರಿಸುತ್ತದೆ. ಇನ್ನೊಂದು ಕರುಳಿನ ಒಳಪದರಕ್ಕೆ ಅಂಟಿ ಅಲ್ಲಿನ ನವಿರಾದ ಕುಚ್ಚುಗಳನ್ನು ಸವೆಸಿಬಿಡುತ್ತದೆ, ಇದು ಎರಡು ವರ್ಷದೊಳಗಿನ ಮಕ್ಕಳನ್ನೇ ಹೆಚ್ಚಾಗಿ ಕಾಡುತ್ತದೆ. ಮತ್ತೊಂದು ಇಟ್ಟಿಗೆ ಪೇರಿಸಿದಂತೆ ಗುಂಪಾಗಿ ಅಂಟಿಕೊಂಡು ಹದಿನಾಲ್ಕು ದಿನ ಮೀರಿಯೂ ಬಿಡದ ಭೇದಿಯನ್ನು ತಂದು ಮಗುವನ್ನು ಸೊರಗಿಸುತ್ತದೆ.

ಬಾವಿ ನೀರಿನ ವರದಿಯಲ್ಲಿ ಕಾಣುವ ಇ. ಕೊಲಿ ಈ ಕೆಟ್ಟ ಬಗೆಯದೇ ಎಂದು ಆ ವರದಿ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಈ ನೀರಿಗೆ ಮನುಷ್ಯರದೋ ಪ್ರಾಣಿಗಳದೋ ಮಲ ಎಲ್ಲಿಂದಲೋ ಸೇರುತ್ತಿದೆ. ಮಲ ಸೇರುವ ದಾರಿಯಿದ್ದ ಮೇಲೆ ಶಿಗೆಲ್ಲವೂ ಕಾಲರಾದ ಬ್ಯಾಕ್ಟೀರಿಯಾವೂ ಟೈಫಾಯ್ಡಿನದೂ ಅದೇ ದಾರಿಯಲ್ಲಿ ಬರಬಹುದು. ಈ ಕಾರಣಕ್ಕಾಗಿಯೇ ಕುಡಿಯುವ ನೀರಿನ ಭಾರತೀಯ ಮಾನದಂಡವು 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೊಲಿಯೂ ಕಾಣಿಸಕೂಡದು ಎನ್ನುತ್ತದೆ.

ವಿಷ ಸುರಿಸುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಓಆರ್‌ಎಸ್‌ನ ಮರ್ಮ ಇರುವುದು ಅಲ್ಲಿಯೇ. ಈ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ರಕ್ತ ಬರಿಸುವುದಿಲ್ಲ. ಸಣ್ಣ ಕರುಳಿಗೆ ಅಂಟಿಕೊಂಡು ತನ್ನ ವಿಷವನ್ನು ಬಿಡುತ್ತದೆ, ಆ ವಿಷವು ಕರುಳಿನ ಕೋಶಗಳೊಳಗಿನ ಉಪ್ಪಿನ ಬಾಗಿಲುಗಳನ್ನು ತೆರೆದಿಟ್ಟುಬಿಡುತ್ತದೆ, ಉಪ್ಪು ಹೊರಟಲ್ಲಿಗೆ ಅದರ ಹಿಂದೆ ನೀರೂ ಹೊರಡುತ್ತದೆ. ಕಾಲರಾ ರೋಗದ ನೀರಿನಂಥ ಭೇದಿಗೂ ಇಂಥದೇ ವಿಷ ಕಾರಣವೆಂದು ಕಲ್ಕತ್ತದ ಶಂಭುನಾಥ ಡೇ ಅವರು 1959ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದರು. ಈ ವಿಷವು ಎಷ್ಟೇ ಬಾಗಿಲುಗಳನ್ನು ಕೆಡಿಸಿದರೂ ಒಂದು ಬಾಗಿಲನ್ನು ಮುಟ್ಟುವುದಿಲ್ಲ. ಸಕ್ಕರೆಯ ಅಂಶವಾದ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಗೂಡಿ ಬಂದರೆ ಮಾತ್ರ ತೆರೆದುಕೊಂಡು, ಅವೆರಡನ್ನೂ ಅವುಗಳೊಂದಿಗೆ ನೀರನ್ನೂ ಒಳಗೆ ಸೆಳೆದುಕೊಳ್ಳುವ ಬಾಗಿಲು ಅದು. ಬರೀ ನೀರು ಕುಡಿಸಿದರೆ ಸಾಲದು, ಬರೀ ಉಪ್ಪುನೀರೂ ಆಗದು, ಉಪ್ಪು ಗ್ಲೂಕೋಸ್ ಎರಡೂ ನೀರಿನಲ್ಲಿ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು ಎಂಬುದಕ್ಕೆ ಕಾರಣ ಇದೇ.

1971ರಲ್ಲಿ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಾ ಬಂದು, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಲು ಮುಂದಾದರು. ಕುಡಿಸಿದ ಕೈಗಳಲ್ಲಿ ದಾದಿಯರದು ಕಡಿಮೆ, ರೋಗಿಗಳ ತಾಯಂದಿರದೂ ಅಕ್ಕತಂಗಿಯರದೂ ಹೆಚ್ಚು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಅವರು ನೋಡಿಕೊಂಡ ರೋಗಿಗಳಲ್ಲಿ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ದೇಶ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು. ನನ್ನ ಸೇವಾವಧಿಯಲ್ಲಿ ಎಷ್ಟೋ ಮನೆಗಳಲ್ಲಿ ಪೊಟ್ಟಣ ಕತ್ತರಿಸುವಾಗ ಆ ಡ್ರಮ್ಮುಗಳ ನೆನಪು ನನಗೆ ಬಂದದ್ದುಂಟು.

ಇಂದಿನ ಪೊಟ್ಟಣದಲ್ಲಿ 20.5 ಗ್ರಾಂ ಪುಡಿಯಿದೆ: 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಇದು ಒಂದು ಲೀಟರ್ ನೀರಿಗೆ, ಅಂದರೆ ಸುಮಾರು ಐದು ಲೋಟಕ್ಕೆ, ಲೆಕ್ಕ ಹಾಕಿ ತುಂಬಿಸಿದ್ದು. ಅದನ್ನೇ ಒಂದು ಲೋಟಕ್ಕೆ ಹಾಕಿದರೆ ಆ ಗಟ್ಟಿ ದ್ರವವು ಮಗುವಿನ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ, ದಾಹ ತಣಿಯುವುದಿಲ್ಲ, ಕೊನೆಗೆ ಸೆಳೆತ ಬರಲೂಬಹುದು. ಆ ಮನೆಯ ಮಗು ಲೋಟಕ್ಕೆ ಕೈಚಾಚುತ್ತಿದ್ದುದು ಇದೇ ದಾಹದಿಂದ. ಒಂದು ಲೀಟರ್ ಅಳೆಯಲು ಮನೆಯಲ್ಲಿ ಪಾತ್ರೆಯಿಲ್ಲವೆಂದು ಹೇಳುವವರಿಗೆ ನಾನು ಅಂಗಡಿಯ ಕುಡಿಯುವ ನೀರಿನ ಒಂದು ಲೀಟರ್ ಬಾಟ್ಲಿಯನ್ನು ತೊಳೆದಿಟ್ಟುಕೊಳ್ಳಲು ಹೇಳುತ್ತಿದ್ದೆ. ಕುದಿಸಿ ಆರಿಸಿದ ನೀರನ್ನು ಅದರಲ್ಲಿ ತುಂಬಿ, ಶುಚಿಯಾದ ಪಾತ್ರೆಗೆ ಸುರಿದು, ಪೂರ್ತಿ ಪೊಟ್ಟಣವನ್ನು ಕರಗಿಸಿ, ಮುಚ್ಚಿಟ್ಟು, 24 ಗಂಟೆಯೊಳಗೆ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನಷ್ಟು ನಿಧಾನವಾಗಿ ಕುಡಿಸಬೇಕು.

ಇದರೊಂದಿಗೆ ಸತುವಿನ ಮಾತ್ರೆ, ಅಂದರೆ ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ ಹದಿನಾಲ್ಕು ದಿನ ಕೊಡಬೇಕೆಂದಿದೆ. ಭೇದಿ ನಿಂತ ಮೂರನೇ ದಿನಕ್ಕೇ ನಮ್ಮವರು ಇದನ್ನು ನಿಲ್ಲಿಸಿಬಿಡುತ್ತಾರೆ, ಮುಂದಿನ ತಿಂಗಳುಗಳಲ್ಲಿ ಮತ್ತೆ ಭೇದಿ ಮರುಕಳಿಸದಂತೆ ಕಾಯುವುದೂ ಅದರ ಕೆಲಸವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎದೆಹಾಲನ್ನು ನಿಲ್ಲಿಸಕೂಡದು. ಗಂಜಿ, ಬಾಳೆಹಣ್ಣು, ಮೊಸರನ್ನ ಯಾವುದನ್ನೂ ನಿಲ್ಲಿಸಬೇಕಾಗಿಲ್ಲ. ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಮಗುವನ್ನು ಉಪವಾಸ ಕೆಡಹುವ ಹಳೆಯ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ, ಹಲ್ಲು ಬರುವಾಗ ಭೇದಿ ಸಹಜವೆಂದು ಕಾಯುತ್ತಾ ಕೂರುವ ಅಭ್ಯಾಸವೂ ಇದೆ. ಹಲ್ಲು ಬರುವ ಪ್ರಾಯದಲ್ಲಿ ಮಗು ನೆಲದಲ್ಲಿ ಹರಿದಾಡಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಭೇದಿ ಬರುವುದು ಆ ಕೈಯಿಂದ.

ಬೊಂಡದ ನೀರು, ಗಂಜಿಯ ತೆಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕೊಡುವುದು ಒಳ್ಳೆಯದೇ. ಆದರೆ ಪೇಟೆಯ ಔಷಧಿ ಅಂಗಡಿಗಳಲ್ಲಿ ಓಆರ್‌ಎಸ್ ಎಂಬ ಹೆಸರನ್ನೇ ಹೋಲುವ ಸಿಹಿ ಪಾನೀಯಗಳ ಡಬ್ಬಿಗಳನ್ನು ಕೊಂಡು ಮಕ್ಕಳಿಗೆ ಕುಡಿಸಿದವರನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ತೀರಾ ಕಡಿಮೆ. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿ ಅದನ್ನು ಆಗಮಾಡಿಸಿದರೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಇನ್ನು ಶಿಗೆಲ್ಲದ ವಿಷಯ. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಆಹಾರ ವಿಷಬಾಧೆಯಿಂದ 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡು ಹಲವರು ಆಸ್ಪತ್ರೆ ಸೇರಿದಾಗ ರೋಗಿಗಳ ಮಾದರಿಗಳಲ್ಲಿ ಕಂಡದ್ದು ಈ ಬ್ಯಾಕ್ಟೀರಿಯಾ. ಅದಕ್ಕೂ ಮೊದಲು, 2020ರ ಡಿಸೆಂಬರಿನಲ್ಲಿ, ಕೋಝಿಕ್ಕೋಡಿನಲ್ಲಿ 11 ವರ್ಷದ ಬಾಲಕನೊಬ್ಬ ಇದರಿಂದಲೇ ಸತ್ತಿದ್ದ. 1897ರಲ್ಲಿ ಜಪಾನಿನ ಕಿಯೋಶಿ ಶಿಗ ಅವರು ಆಮಶಂಕೆಯ ಪಿಡುಗಿನ ನಡುವೆ ಕಂಡುಹಿಡಿದ ಈ ಸೂಕ್ಷ್ಮಾಣು ಇ. ಕೊಲಿಯ ಹತ್ತಿರದ ಸಂಬಂಧಿಯೇ ಆದರೂ ಅದರ ನಡತೆ ಬೇರೆ. ಇದು ದೊಡ್ಡ ಕರುಳಿನ ಗೋಡೆಯೊಳಗೇ ನುಗ್ಗಿ ಹುಣ್ಣು ಮಾಡುತ್ತದೆ. ಜ್ವರ, ಹೊಟ್ಟೆ ಹಿಂಡುವ ನೋವು, ಸ್ವಲ್ಪ ಸ್ವಲ್ಪವೇ ಆಗುವ ಭೇದಿಯಲ್ಲಿ ರಕ್ತ ಮತ್ತು ಲೋಳೆ ಇದರ ಲಕ್ಷಣಗಳು.

ಇಲ್ಲಿ ಒಂದು ವ್ಯತ್ಯಾಸವನ್ನು ತಾಯಂದಿರು ಅರಿತರೆ ಬಹಳ ಉಪಕಾರವಾಗುತ್ತದೆ. ನೀರಿನಂಥ ಭೇದಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ರಕ್ತಭೇದಿಗೆ ಬೇಕು, ಅದೂ ವೈದ್ಯರು ನೋಡಿಯೇ ಕೊಡಬೇಕು. ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ತಿರುಗುಮುರುಗು. ಒಂದು ಸಲ ನೀರುನೀರಾಗಿ ಹೋದ ಕೂಡಲೇ ಔಷಧಿ ಅಂಗಡಿಯಿಂದ ಹಳದಿ ಮಾತ್ರೆ ತಂದು ಅರೆದು ಕುಡಿಸುತ್ತಾರೆ, ರಕ್ತ ಕಂಡಾಗ 'ಉಷ್ಣವಾಗಿದೆ' ಎಂದು ಎರಡು ದಿನ ಕಾಯುತ್ತಾರೆ. ಬೇಡದಲ್ಲಿ ಕೊಟ್ಟ ಮದ್ದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಉಳಿದ ಕೆಟ್ಟವನ್ನು ಆ ಮದ್ದಿಗೆ ಬಗ್ಗದಂತೆ ಪಳಗಿಸುತ್ತದೆ. ಮುಂದೆ ನಿಜವಾಗಿ ಶಿಗೆಲ್ಲ ಬಂದಾಗ ಆ ಮದ್ದು ನಾಟುವುದಿಲ್ಲ. ಭೇದಿಯನ್ನು ಕಟ್ಟಿಹಾಕುವ ಮಾತ್ರೆಗಳನ್ನಂತೂ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ರಕ್ತ ಕಂಡರೆ, ಮಗು ಕುಡಿಯಲಾರದಷ್ಟು ಸೋತರೆ, ಕಣ್ಣು ಗುಳಿಬಿದ್ದರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಮಡಿಕೆಯಾಗಿಯೇ ನಿಂತು ನಿಧಾನಕ್ಕೆ ಇಳಿದರೆ, ಆ ಕ್ಷಣವೇ ವಾಹನ ಮಾಡಿಕೊಂಡು ಆಸ್ಪತ್ರೆಗೆ ಹೋಗಬೇಕು. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಿರಬೇಕು.

ಶಿಗೆಲ್ಲ ಹತ್ತರಿಂದ ನೂರರಷ್ಟು ಸೂಕ್ಷ್ಮಾಣು ಹೊಟ್ಟೆಗೆ ಹೋದರೂ ರೋಗ ಬರಿಸಬಲ್ಲದು, ಆದ್ದರಿಂದ ಅದು ತೊಳೆಯದ ಕೈಯಿಂದಲೇ ಹರಡುತ್ತದೆ. ವಿಷ ಸುರಿಸುವ ಇ. ಕೊಲಿಗಾದರೋ ಕೋಟಿಗಟ್ಟಲೆ ಬೇಕು. ಅಷ್ಟು ಕೋಟಿ ಒಮ್ಮೆಗೇ ಎಲ್ಲಿಂದ ಬರುತ್ತವೆ? ಅವನ್ನು ನಾವೇ ಬೆಳೆಸಿ ಕೊಡುತ್ತೇವೆ. ನಮ್ಮಲ್ಲಿ ಆರು ತಿಂಗಳ ಮಗುವಿಗೆ ರಾಗಿ ಮಣ್ಣಿಯನ್ನೋ ಬಾಳೆಕಾಯಿ ಹುಡಿಯ ಮಣ್ಣಿಯನ್ನೋ ಬೆಳಿಗ್ಗೆ ಒಮ್ಮೆಗೇ ಕಾಸಿಟ್ಟು, ತೋಟದ ಕೆಲಸದ ನಡುವೆ ಮಧ್ಯಾಹ್ನಕ್ಕೂ ಸಂಜೆಗೂ ಅದನ್ನೇ ತಿನ್ನಿಸುವ ರೂಢಿಯಿದೆ. ಅನುಕೂಲವಾದ ಬಿಸುಪಿನಲ್ಲಿ ಈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಹಾಗಾದಲ್ಲಿ ಒಂದು ಇದ್ದದ್ದು ನಾಲ್ಕು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ, ಎಂಟು ಗಂಟೆಯಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಮೀರುತ್ತದೆ. ಪ್ರತಿಸಲ ಹೊಸದಾಗಿ ಕಾಸಲು ಬಿಡುವಿಲ್ಲದ ತಾಯಿಗೆ ಅದನ್ನು ಬಿಸಿಯಾರುವ ಮುನ್ನ ಫ್ರಿಜ್ಜಿಗೆ ಇಡಿ ಎಂದು ಹೇಳಿ ನಾನು ಹೊರಬಂದರೆ ಆಗದು, ಫ್ರಿಜ್ಜು ಇಲ್ಲದ ಮನೆಗಳೂ ಇವೆ. ಅವರಿಗೆ ನಾನು ಹೇಳುತ್ತಿದ್ದುದು, ಮಣ್ಣಿಯ ಹುಡಿಯನ್ನು ಅಳತೆ ಮಾಡಿ ಸಣ್ಣ ಸಣ್ಣ ಪಾಲಾಗಿ ಇಟ್ಟುಕೊಂಡು ಬೇಕಾದಾಗ ಒಂದು ಹೊತ್ತಿನಷ್ಟನ್ನೇ ಕಾಸಿ ಎಂದು. ಹಾಲಿನ ಬಾಟ್ಲಿಯ ರಬ್ಬರು ತೊಟ್ಟನ್ನು ಎಷ್ಟು ತೊಳೆದರೂ ಸಾಲದು. ಲೋಟ ಮತ್ತು ಚಮಚವೇ ಲೇಸು.

ನೀರಿನ ಮಾತಿಗೆ ಬರುತ್ತೇನೆ. ನಮ್ಮ ನೆಲ ಮುರಕಲ್ಲಿನದು, ಜೇನುಗೂಡಿನ ಹಾಗೆ ತೂತುತೂತು. ಮಳೆ ನೀರು ಅದರೊಳಗೆ ಇಳಿದು ಬರುವ ವೇಗಕ್ಕೆ ಕೊಳೆ ಸೋಸಿಹೋಗಲು ಸಮಯ ಸಿಗುವುದಿಲ್ಲ. ಮನೆಗೊಂದು ಬಾವಿ, ಮನೆಗೊಂದು ಶೌಚದ ಗುಂಡಿ, ಐದು ಹತ್ತು ಸೆಂಟ್ಸಿನ ಜಾಗದಲ್ಲಿ ಎರಡೂ. ಗುಂಡಿ ಮತ್ತು ಬಾವಿಯ ನಡುವೆ ಕನಿಷ್ಠ 7.5 ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ, ಆದರೆ ನಮ್ಮ ಮನೆಯ ಬಾವಿಗೆ ಪಕ್ಕದ ಮನೆಯ ಗುಂಡಿ ಎಷ್ಟು ಹತ್ತಿರವಿದೆ ಎಂದು ಅಳೆದು ನೋಡಿದವರು ಅಪರೂಪ. ಗುಡ್ಡದ ಬದಿಯ ಮನೆಗಳಲ್ಲಿ ಸುರಂಗದ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲದ, ನೀರಿದೆ. ಕತ್ತಲೆಯೊಳಗಿನಿಂದ ತಣ್ಣಗೆ ಹರಿದುಬರುವ ಆ ನೀರಿನ ಮೇಲೆ ನಮಗೆಲ್ಲ ಅಭಿಮಾನವಿರುವುದು ಸಹಜವೇ, ನನಗೂ ಇದೆ. ಆದರೆ ಸುರಂಗದ ಮೇಲಿನ ಗುಡ್ಡದಲ್ಲಿ ಹಟ್ಟಿಯೋ ಗುಂಡಿಯೋ ಇದ್ದರೆ, ಅಥವಾ ಬಾಯಿಯಿಂದ ಅಂಗಳದ ಟ್ಯಾಂಕಿಯವರೆಗೆ ನೀರು ತೆರೆದ ದಂಬೆಯಲ್ಲಿ ಬರುತ್ತಿದ್ದರೆ, ತಿಳಿಯಾಗಿ ಕಂಡಷ್ಟಕ್ಕೇ ಅದು ಶುದ್ಧವೆನ್ನಲಾಗದು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಎಲ್ಲರೂ ಬಲ್ಲರು, ಅಳತೆಯನ್ನು ಬಲ್ಲವರು ಕಡಿಮೆ. ಒಂದು ಹಿಡಿ ಎರಚುವುದು ಅಳತೆಯಲ್ಲ. ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಎಷ್ಟು ಘನ ಮೀಟರ್ ನೀರಿದೆ ಎಂಬುದು ಸಿಗುತ್ತದೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್‌ನಂತೆ ಅದಕ್ಕೆ 23ರಿಂದ 24 ಗ್ರಾಂ ಸಾಕು. ರೋಗ ಹಬ್ಬಿದ ಸಮಯದಲ್ಲಿ ಇದರ ಇಮ್ಮಡಿ. ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಸುಣ್ಣ ತಳಕ್ಕಿಳಿದ ಮೇಲೆ, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಕೊಡಪಾನಕ್ಕೆ ಬಗ್ಗಿಸಿ, ಹಗ್ಗದಲ್ಲಿ ಬಾವಿಯೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಕನಿಷ್ಠ ಒಂದು ಗಂಟೆ ಆ ನೀರನ್ನು ಬಳಸಬಾರದು. ರಾತ್ರಿ ಮಾಡಿ ಬೆಳಿಗ್ಗೆ ಸೇದುವುದು ಅನುಕೂಲ. ಹರಿಯುವ ಸುರಂಗಕ್ಕೆ ಪೌಡರ್ ಹಾಕಿ ಫಲವಿಲ್ಲ. ನೀರು ಬಂದು ನಿಲ್ಲುವ ಟ್ಯಾಂಕಿಗೆ ಹಾಕಬೇಕು. ಕುದಿಸಿದ ನೀರಿಗೆ, ಬೇಗ ತಣಿಯಲೆಂದು, ಬಾವಿಯ ಹಸಿ ನೀರನ್ನು ಬೆರೆಸುವ ಅಭ್ಯಾಸವನ್ನು ಮದುವೆ ಮನೆಗಳಲ್ಲಿ ಇಂದಿಗೂ ಕಾಣುತ್ತೇನೆ. ಪತಿಮುಗ ಎಂಬ ಮರದ ಚಕ್ಕೆ ಹಾಕಿದ ಕೆಂಪು ನೀರಿನಲ್ಲಿ ಆ ಬೆರಕೆ ಕಣ್ಣಿಗೂ ಕಾಣುವುದಿಲ್ಲ.

ಈ ವಿಷಯಗಳಲ್ಲಿ ನಾನು ಹೊಸದಾಗಿ ಕಂಡುಹಿಡಿದದ್ದು ಒಂದೂ ಇಲ್ಲ. ಇವೆಲ್ಲವೂ ಇಲಾಖೆಯ ಕೈಪಿಡಿಗಳಲ್ಲಿವೆ, ಮಲೆಯಾಳದಲ್ಲಿ ಅಂದವಾಗಿ ಮುದ್ರಿಸಿದ ಫಲಕಗಳಲ್ಲಿವೆ. ಕೇರಳದ ಆರೋಗ್ಯ ವ್ಯವಸ್ಥೆಯಲ್ಲಿ ದುಡಿದವನಾಗಿ ಅದರ ಸಾಧನೆಯ ಬಗ್ಗೆ ನನಗೆ ಹೆಮ್ಮೆಯಿದೆ; 2023ರ ಸರ್ಕಾರಿ ಲೆಕ್ಕದಂತೆ ಸಾವಿರ ಜನನಕ್ಕೆ ಶಿಶು ಮರಣ ದೇಶದಲ್ಲಿ 25 ಇದ್ದರೆ ಕೇರಳದಲ್ಲಿ 5. ಇಂಥ ಸಾಧನೆಗೆ ಅಕ್ಷರ ಬಲ್ಲ ತಾಯಂದಿರೇ ದೊಡ್ಡ ಆಧಾರ ಎಂಬುದನ್ನು ಇಲಾಖೆಯ ಹಿರಿಯರೇ ತರಬೇತಿಗಳಲ್ಲಿ ನಮಗೆ ಹೇಳುತ್ತಿದ್ದರು. ಹಾಗಿದ್ದ ಮೇಲೆ ಅಕ್ಷರ ಬಲ್ಲ, ಆದರೆ ಕನ್ನಡದ ಅಕ್ಷರ ಮಾತ್ರ ಬಲ್ಲ ತಾಯಿಯನ್ನು ಅನಕ್ಷರಸ್ಥೆಯ ಸ್ಥಾನದಲ್ಲಿ ನಿಲ್ಲಿಸುವುದು ಸರಿಯೇ? 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಹುಟ್ಟಿ ಬೆಳೆದವರಲ್ಲಿ ಅನೇಕರು ಮಲೆಯಾಳ ಕಲಿತಿದ್ದಾರೆ. ಆದರೆ ಪುತ್ತೂರು, ವಿಟ್ಲ, ಸುಳ್ಯ ಕಡೆಯಿಂದ ಪ್ರತಿವರ್ಷ ಮದುವೆಯಾಗಿ ಬರುವ ಹೆಣ್ಣುಮಕ್ಕಳು ಮಲೆಯಾಳ ಓದಲು ಕಲಿಯುವ ಮೊದಲೇ ತಾಯಂದಿರಾಗಿರುತ್ತಾರೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಶಿಶುವಿರುವ ಮನೆಗಳ ಈ ವಾಸ್ತವ ತಿರುವನಂತಪುರದಲ್ಲಿ ಕುಳಿತು ಚೀಟಿ ಮುದ್ರಿಸುವವರ ಕಣ್ಣಿಗೆ ಬೀಳದಿರುವುದು ಆಶ್ಚರ್ಯವಲ್ಲ, ಆದರೆ ಇಲ್ಲಿರುವ ನಾವು ಅದನ್ನು ಹೇಳದಿರುವುದು ತಪ್ಪು.

ಆದುದರಿಂದ ನನ್ನ ಕೋರಿಕೆ ಇಷ್ಟು. ಈ ಎರಡು ತಾಲೂಕುಗಳಲ್ಲಿ ಹಂಚುವ ಪ್ರತಿ ಓಆರ್‌ಎಸ್ ಪೊಟ್ಟಣದ ಮೇಲೆ 'ಪೂರ್ತಿ ಪೊಟ್ಟಣ, ಒಂದು ಲೀಟರ್ ನೀರು, ಒಂದು ದಿನ' ಎಂದು ಕನ್ನಡದಲ್ಲಿ ಅಚ್ಚುಹಾಕಿದ ಸಣ್ಣ ಚೀಟಿಯನ್ನು ಅಂಟಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಪಂಚಾಯತಿಗೆ ಹೊರೆಯಾಗುವಂಥದ್ದಲ್ಲ. ಬಾವಿ ನೀರಿನ ವರದಿಯ ಕೆಳಗೆ, ಏನು ಮಾಡಬೇಕೆಂಬ ನಾಲ್ಕು ಸಾಲು ಕನ್ನಡದಲ್ಲಿರಬೇಕು. ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿ ಶಿಕ್ಷಕಿಯರಲ್ಲಿ ಕನ್ನಡ ಬಲ್ಲವರು ಸಾಕಷ್ಟಿದ್ದಾರೆ, ಅವರು ಈಗಲೂ ಮಲೆಯಾಳದ ಸೂಚನೆಗಳನ್ನು ತಾವೇ ಕನ್ನಡಕ್ಕೋ ತುಳುವಿಗೋ ತಿರುಗಿಸಿ ಹೇಳುತ್ತಾರೆ. ಆದರೆ ಬಾಯಿಮಾತಿನಲ್ಲಿ ಕೇಳಿದ ಅಳತೆ ರಾತ್ರಿ ಹನ್ನೊಂದಕ್ಕೆ ಮಗು ಭೇದಿ ಮಾಡಿದಾಗ ನೆನಪಿಗೆ ಬರುವುದಿಲ್ಲ, ಗೋಡೆಯ ಮೇಲಿನ ಹಾಳೆ ಕಣ್ಣಿಗೆ ಬೀಳುತ್ತದೆ. ತಮ್ಮ ಪತ್ರಿಕೆಗೂ ಒಂದು ವಿನಂತಿಯಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಕತ್ತರಿಸಿ ಅಂಟಿಸಿಡಬಹುದಾದ ಒಂದು ಚೌಕದಲ್ಲಿ ಈ ಅಳತೆಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು.

ಅಂಥ ಒಂದು ಪುಟದ ಹಾಳೆಯನ್ನು ನಾನು ಬರೆದಿದ್ದು, ಈ ಪತ್ರದೊಂದಿಗೆ ಕಳುಹಿಸುತ್ತಿದ್ದೇನೆ. ಕಳುಹಿಸುವ ಮುನ್ನ ನೆರೆಯ ಇಬ್ಬರು ಎಳೆಯ ತಾಯಂದಿರಿಗೆ ಓದಲು ಕೊಟ್ಟೆ. ಒಬ್ಬರು ಓದಿ, 'ನಿರ್ಜಲೀಕರಣ' ಎಂಬ ಪದದ ಮೇಲೆ ಬೆರಳಿಟ್ಟು, ಇದು ಯಾರಿಗೂ ಅರ್ಥವಾಗುವುದಿಲ್ಲ, 'ಮೈಯ ನೀರು ಆರುವುದು' ಎಂದು ಬರೆಯಿರಿ ಎಂದರು. ಹಾಗೆಯೇ ತಿದ್ದಿದ್ದೇನೆ. ಮುದ್ರಿಸುವಾಗ ಅದನ್ನು ದಯವಿಟ್ಟು ಹಾಗೆಯೇ ಉಳಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ನಿರೀಕ್ಷಕ,
ಪೆರ್ಲ, ಕಾಸರಗೋಡು ಜಿಲ್ಲೆ